ಒಂದು ಕೈಯಲ್ಲಿ ಸರಿಗಮ, ಇನ್ನೊಂದರಲ್ಲಿ ಸ್ಕ್ರೂಡ್ರೈವರ್

ಪ್ರಶ್ನೆ: ನಮ್ಮ ಮಗಳಿಗೆ ಒಂಬತ್ತು ವರ್ಷ. ಎರಡು ವರ್ಷದಿಂದ ಸಂಗೀತ ಕಲಿಯುತ್ತಿದ್ದಾಳೆ, ಶ್ರುತಿಜ್ಞಾನ ಚೆನ್ನಾಗಿದೆ ಎಂದು ಮೇಷ್ಟ್ರು ಹೇಳುತ್ತಾರೆ. ಈಚೆಗೆ ಹಾಡುವುದಕ್ಕಿಂತ ‘ಇದರೊಳಗೆ ಏನಿದೆ’ ಎಂದು ಬಿಚ್ಚಿ ನೋಡುವುದೇ ಹೆಚ್ಚಾಗಿದೆ. ಹಳೆಯ ಆಟಿಕೆ ಕೀಬೋರ್ಡ್ ಬಿಚ್ಚಿ ಹರಡಿಕೊಂಡಿದ್ದಾಳೆ. ಆಸಕ್ತಿ ಇದೆಯಲ್ಲ ಎಂದು ವಿಡಿಯೊ ನೋಡಿ ಪಿವಿಸಿ ಪೈಪಿನಲ್ಲಿ ಕೊಳಲು ಮಾಡಿದೆವು. ಊದಿದರೆ ಬರೀ ಗಾಳಿ. ಹಲಗೆಗೆ ಮೊಳೆ ಹೊಡೆದು ರಬ್ಬರ್ ಬ್ಯಾಂಡಿನ ವೀಣೆ ಮಾಡಿದೆವು. ಒಂದಕ್ಕಿಂತ ಒಂದನ್ನು ಹೆಚ್ಚು ಎಳೆದು ಕಟ್ಟಿದರೂ ಎಲ್ಲವೂ ಹೆಚ್ಚುಕಡಿಮೆ ಒಂದೇ ಸ್ವರ. ‘ನನಗೆ ಬರಲ್ಲ ಬಿಡಮ್ಮ’ ಎಂದು ಮೂಲೆಗಿಟ್ಟಳು. ನಮ್ಮವರು ರೊಬಾಟಿಕ್ಸ್ ಕಿಟ್ ಕೊಡಿಸೋಣ ಎನ್ನುತ್ತಾರೆ, ಅತ್ತೆಯವರು ‘ಒಂದನ್ನೇ ಗಟ್ಟಿಯಾಗಿ ಕಲಿಯಲಿ’ ಎನ್ನುತ್ತಾರೆ. ನಮ್ಮಿಬ್ಬರಿಗೆ ಸಂಗೀತವೂ ಗೊತ್ತಿಲ್ಲ, ಎಂಜಿನಿಯರಿಂಗೂ ಗೊತ್ತಿಲ್ಲ. ಎರಡನ್ನೂ ಸೇರಿಸಿ ಅವಳ ಕಲ್ಪನೆಗೆ ಇಂಬು ಕೊಡುವ ದಾರಿ ಇದೆಯೇ? ಶಾಸ್ತ್ರೀಯ ಸಂಗೀತ ಕೇಳಿಸಿದರೆ ಗಣಿತದ ಬುದ್ಧಿ ಚುರುಕಾಗುತ್ತದಂತೆ, ನಿಜವೇ?
– ಒಬ್ಬ ತಾಯಿ

ಉತ್ತರ: ಮೊದಲು ರಬ್ಬರ್ ಬ್ಯಾಂಡಿನ ವಿಷಯ ಮುಗಿಸೋಣ, ಮಗು ಕೈಬಿಟ್ಟದ್ದು ಅಲ್ಲೇ ತಾನೆ. ಅವಳ ಕೆಲಸದಲ್ಲಿ ತಪ್ಪೇನಿಲ್ಲ, ರಬ್ಬರ್ ಇರುವುದೇ ಹಾಗೆ. ತಂತಿಯ ಸ್ವರವನ್ನು ಮೂರು ಸಂಗತಿಗಳು ನಿರ್ಧರಿಸುತ್ತವೆ: ಅದು ಕಂಪಿಸುವ ಉದ್ದ, ಬಿಗಿ, ಮತ್ತು ಪ್ರತಿ ಗೇಣಿಗೆ ಅದರ ತೂಕ. ರಬ್ಬರನ್ನು ದೂರದ ಮೊಳೆಗೆ ಎಳೆದು ಸಿಕ್ಕಿಸಿದಾಗ ಬಿಗಿ ಹೆಚ್ಚುತ್ತದೆ, ಎಳೆ ತೆಳ್ಳಗಾಗುತ್ತದೆ. ಇವೆರಡೂ ಸ್ವರವನ್ನು ಏರಿಸುತ್ತವೆ. ಆದರೆ ಉದ್ದವೂ ಹೆಚ್ಚಿತಲ್ಲ, ಅದು ಇಳಿಸುತ್ತದೆ. ಏರಿದ್ದಕ್ಕೂ ಇಳಿದದ್ದಕ್ಕೂ ಸರಿಹೋಗಿ ಸ್ವರ ಇದ್ದಲ್ಲೇ ಉಳಿಯುತ್ತದೆ. ಈಗ ಅದೇ ರಬ್ಬರನ್ನು ಎರಡು ಪೆನ್ಸಿಲ್‌ಗಳ ಮೇಲೆ ಹಾಯಿಸಿ, ಪೆನ್ಸಿಲ್‌ಗಳ ನಡುವಿನ ಅಂತರ ಬದಲಿಸದೆ ತುದಿಯನ್ನು ಮಾತ್ರ ಹೊರಗಡೆಗೆ ಎಳೆಯಲು ಹೇಳಿ. ಸ್ವರ ಏರುವುದು ಅವಳ ಕಿವಿಗೇ ತಿಳಿಯುತ್ತದೆ. ಮಗು ಕಂಡುಹಿಡಿದದ್ದು ನಿಜವಾದ ಸಂಗತಿ. ಅದನ್ನು ಸೋಲು ಎಂದುಕೊಂಡದ್ದೊಂದೇ ತಪ್ಪು.

ಕೊಳಲಿನ ಕತೆ ಬೇರೆ. ಅಡ್ಡಕೊಳಲು ನೋಡಲು ಸುಲಭ, ಮಾಡಲು ಕಷ್ಟ. ಬಾಯಿಯ ರಂಧ್ರದ ಆಚೆಯ ಅಂಚಿಗೆ ಗಾಳಿಯ ತೆಳು ಹಾಳೆ ಬಡಿದು ಒಮ್ಮೆ ಒಳಕ್ಕೆ, ಒಮ್ಮೆ ಹೊರಕ್ಕೆ ಹೊಯ್ದಾಡಿದಾಗ ಮಾತ್ರ ನಾದ ಹುಟ್ಟುತ್ತದೆ. ಕಾಯಿಸಿದ ಮೊಳೆಯಿಂದ ಚುಚ್ಚಿದ ರಂಧ್ರದ ಅಂಚು ಕರಗಿ ಉರುಟಾಗಿರುತ್ತದೆ, ಡ್ರಿಲ್‌ನಲ್ಲಿ ಕೊರೆದರೆ ಒಳಗೆ ಪ್ಲಾಸ್ಟಿಕ್ ಸಿಬಿರು ಉಳಿದಿರುತ್ತದೆ. ಎರಡರಲ್ಲೂ ಗಾಳಿ ಚದುರಿ ‘ಉಸ್’ ಎನ್ನುವುದಷ್ಟೇ ಕೇಳುತ್ತದೆ. ಮುಚ್ಚಿದ ತುದಿಯ ಬಿರಡೆ ರಂಧ್ರದಿಂದ ದೂರ ಇದ್ದರೂ ನಾದ ಕೆಡುತ್ತದೆ. ರಂಧ್ರದ ನಡುವಿನಿಂದ ಬಿರಡೆಗೆ ಪೈಪಿನ ಒಳವ್ಯಾಸದಷ್ಟು ಅಂತರ ಸಾಕು. ಇಷ್ಟಾದರೂ ಒಂಬತ್ತು ವರ್ಷದ ತುಟಿಗೆ ಅದು ಒಗ್ಗಲು ವಾರಗಳು ಬೇಕು. ಅದನ್ನು ಸದ್ಯಕ್ಕೆ ಬದಿಗಿಡಿ. ಅದೇ ಪೈಪಿನಲ್ಲಿ ಬೇಗ ನುಡಿಯುವ ವಾದ್ಯವನ್ನು ಕೆಳಗೆ ಹೇಳಿದ್ದೇನೆ.

ನಿಮ್ಮ ಪತ್ರದಲ್ಲಿ ಎರಡು ಆತಂಕಗಳಿವೆ: ಎರಡು ದೋಣಿಯ ಮೇಲೆ ಕಾಲಿಟ್ಟಂತೆ ಆಗುವುದೇ, ಮತ್ತು ನಮಗೇ ಗೊತ್ತಿಲ್ಲದ್ದನ್ನು ಹೇಗೆ ಕಲಿಸುವುದು. ಮೊದಲನೆಯದಕ್ಕೆ ಉತ್ತರ: ಇವು ಎರಡು ದೋಣಿಗಳೇ ಅಲ್ಲ. 9ನೇ ಶತಮಾನದ ಬಾಗ್ದಾದಿನಲ್ಲಿ ಬಾನು ಮೂಸಾ ಸಹೋದರರು ಮೊಳೆಗಳಿದ್ದ ಉರುಳೆಯನ್ನು ತಿರುಗಿಸಿ ತಾನಾಗಿ ನುಡಿಯುವ ವಾದ್ಯವನ್ನು ವಿವರಿಸಿದ್ದರು; ಮೊಳೆಯ ಜಾಗ ಬದಲಿಸಿದರೆ ರಾಗ ಬದಲಾಗುತ್ತಿತ್ತು. ಇಂದು ನಾವು ಪ್ರೋಗ್ರಾಂ ಎನ್ನುವುದೂ ಅದೇ. ಲೆಕ್ಕ ಮಾಡುವ ಯಂತ್ರವೊಂದು ಸಂಗೀತವನ್ನೂ ರಚಿಸಬಹುದು ಎಂದು ಇಂಗ್ಲಿಷ್ ಗಣಿತಜ್ಞೆ ಏಡಾ ಲವ್‌ಲೇಸ್ ಬರೆದದ್ದು 1843ರಲ್ಲಿ, ಆ ಯಂತ್ರ ಇನ್ನೂ ಕಾಗದದ ಮೇಲಿದ್ದಾಗ. ಎರಡನೆಯ ಆತಂಕಕ್ಕೆ ಉತ್ತರ ಇನ್ನೂ ಸರಳ: ಮನೆಯಲ್ಲಿ ಒಳ್ಳೆಯ ಕಿವಿ ಒಂದಿದೆ, ಮಗಳದ್ದು. ಈ ಕೆಲಸಕ್ಕೆ ಅದೇ ಮುಖ್ಯ ಉಪಕರಣ.

ಗಣಿತದ ಮಾತು. ‘ಮೊಜಾರ್ಟ್ ಪರಿಣಾಮ’ ಎಂದು ಹೆಸರಾದ ಸಂಗತಿಯ ಮೂಲ 1993ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗ. ಅದರಲ್ಲಿದ್ದವರು ಮಕ್ಕಳಲ್ಲ, ಕಾಲೇಜು ವಿದ್ಯಾರ್ಥಿಗಳು. ಹತ್ತು ನಿಮಿಷ ಪಾಶ್ಚಾತ್ಯ ಸಂಯೋಜಕ ಮೊಜಾರ್ಟ್‌ನ ಸಂಗೀತ ಕೇಳಿದ ಮೇಲೆ ಕಾಗದ ಮಡಿಸಿ ಕತ್ತರಿಸುವಂಥ ಆಕಾರದ ಲೆಕ್ಕಗಳಲ್ಲಿ ಅವರು ಸ್ವಲ್ಪ ಮುಂದಿದ್ದರು. ಆ ಲಾಭ ಕಾಲು ಗಂಟೆಯೊಳಗೆ ಇಳಿದುಹೋಯಿತು. ಅದರಿಂದ ಗಣಿತ ಬರುತ್ತದೆ ಎಂದು ಪ್ರಯೋಗ ಮಾಡಿದವರೂ ಹೇಳಿರಲಿಲ್ಲ. ಸೀಡಿ ಮಾರಿದವರು ಹೇಳಿದರು. ಸಂಗೀತ ಕೇಳಿಸಿ, ಖುಷಿಗಾಗಿ. ಆದರೆ ತಂತಿಯನ್ನು ಮೂರರಲ್ಲಿ ಎರಡು ಭಾಗಕ್ಕೆ ಹಿಡಿದು ‘ಪ’ ಕೇಳಿಸಿಕೊಂಡ ಮಗುವಿಗೆ ಭಿನ್ನರಾಶಿ ಕೈಗೆ ಸಿಕ್ಕಿರುತ್ತದೆ. ಅದು ಬೇರೆ ಬಗೆಯ ಲಾಭ, ಕಣ್ಣೆದುರೇ ಕಾಣುವಂಥದ್ದು.

ಕಲ್ಪನೆ ಎಂದರೆ ಮನಸ್ಸಿಗೆ ಬಂದದ್ದನ್ನು ಅಂಟಿಸುವುದು, ಬಣ್ಣ ಬಳಿಯುವುದು ಎಂಬ ಭಾವನೆ ಇದೆ. ಸದ್ದು ಬರುವ ವಸ್ತು ಮಾಡುವುದು ಯಾರಿಗೂ ಸುಲಭ. ಬೇಕಾದ ಸದ್ದು ಬರಿಸಲು ಹೊರಟಾಗಲೇ ಎಂಜಿನಿಯರಿಂಗ್ ಶುರು: ಹೀಗೆ ಬದಲಿಸಿದರೆ ಹೀಗೆ ಕೇಳುತ್ತದೆ ಎಂದು ಮೊದಲೇ ಊಹಿಸುವುದು, ಮಾಡಿ ಕೇಳುವುದು, ಊಹೆ ಎಲ್ಲಿ ತಪ್ಪಿತೆಂದು ಯೋಚಿಸುವುದು. ಕಲ್ಪನೆಗೆ ಕೆಲಸ ಸಿಗುವುದು ಆ ಊಹೆಯಲ್ಲಿ. ಹಾಗಾಗಿ ನೀವು ಆರಿಸುವ ಯಾವ ವಸ್ತುವಿಗೂ ಒಂದೇ ಪರೀಕ್ಷೆ: ಮಗು ಒಂದು ಅಳತೆಯನ್ನು ಬದಲಿಸಿದರೆ ಫಲ ತಕ್ಷಣ ಕಿವಿಗೆ ಬೀಳುತ್ತದೆಯೇ?

ಇದಕ್ಕೆ ಅತ್ಯುತ್ತಮ ಆರಂಭ ಒಂದೇ ತಂತಿಯ ಪೆಟ್ಟಿಗೆ. ಸುಮಾರು 80 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ತೆಳು ಪ್ಲೈವುಡ್ ಪೆಟ್ಟಿಗೆ ಬೇಕು. ಬರೀ ಹಲಗೆಯಾದರೆ ಸದ್ದು ಕೇಳಿಸುವುದೇ ಇಲ್ಲ; ತೆಳು ತಂತಿ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆಯೇ ಹೊರತು ತಳ್ಳುವುದಿಲ್ಲ, ತಳ್ಳುವ ಕೆಲಸ ಪೆಟ್ಟಿಗೆಯ ಮೇಲ್ಮೈಯದ್ದು. ತಂತಿಗೆ 0.5 ಮಿ.ಮೀ. ದಪ್ಪದ ನೈಲಾನ್ ಗಾಳದ ದಾರ ಸಾಕು. ಒಂದು ತುದಿಯನ್ನು ಸ್ಕ್ರೂಗೆ ಕಟ್ಟಿ, ಎರಡು ಕುದುರೆಗಳ (ತಂತಿಯನ್ನು ಎತ್ತಿ ಹಿಡಿಯುವ ಸಣ್ಣ ತುಂಡುಗಳು) ಮೇಲೆ ಹಾಯಿಸಿ, ಮೇಜಿನ ಅಂಚಿನಾಚೆ ಇಳಿಬಿಟ್ಟು ನೀರಿನ ಬಾಟಲಿಯನ್ನು ತೂಗುಹಾಕಿ. ಕುದುರೆಗಳ ನಡುವೆ ಸರಿಯಾಗಿ 60 ಸೆಂ.ಮೀ. ಇರಲಿ. ದಾರ ಬಾಗುವ ಕಡೆ ನುಣುಪಾದ ಲೋಹದ ಸರಳು ಇಡಿ. ಮರದ ಚೂಪು ಅಂಚಾದರೆ ಉಜ್ಜಾಟದಲ್ಲಿ ತೂಕದ ಒಂದು ಪಾಲು ತಂತಿಗೆ ತಲುಪುವುದೇ ಇಲ್ಲ, ಲೆಕ್ಕವೆಲ್ಲ ತಪ್ಪುತ್ತದೆ.

ಬಾಟಲಿಯಲ್ಲಿ ಅರ್ಧ ಲೀಟರ್ ನೀರು ಹಾಕಿ ಮೀಟಿ, ಆ ಸ್ವರವನ್ನು ಅವಳು ‘ಸ’ ಎಂದು ಹಿಡಿಯಲಿ. ಈಗ ಕೇಳಿ: ಮೇಲಿನ ‘ಸ’ ಬರಬೇಕಾದರೆ ಎಷ್ಟು ನೀರು ಬೇಕು? ಸಾಮಾನ್ಯವಾಗಿ ಬರುವ ಉತ್ತರ ಒಂದು ಲೀಟರ್, ಅಂದರೆ ಎರಡರಷ್ಟು. ಹಾಕಿ ನೋಡಿದರೆ ಸ್ವರ ‘ಮ’ ದಾಟುತ್ತದೆ, ‘ಪ’ ಮುಟ್ಟುವುದಿಲ್ಲ. ಮೇಲಿನ ‘ಸ’ ಸಿಗುವುದು ಎರಡು ಲೀಟರಿಗೆ, ನಾಲ್ಕರಷ್ಟು ತೂಕಕ್ಕೆ. ಮಗುವಷ್ಟೇ ಅಲ್ಲ, ಪಂಡಿತರೂ ಇಲ್ಲಿ ಎಡವಿದ್ದಾರೆ. ಪೈಥಾಗೊರಸ್ ಕಮ್ಮಾರಶಾಲೆಯ ಸುತ್ತಿಗೆಗಳ ತೂಕದಿಂದ ಸ್ವರಗಳ ಅನುಪಾತ ಕಂಡುಹಿಡಿದನೆಂಬ ಕತೆ ಸಾವಿರಕ್ಕೂ ಹೆಚ್ಚು ವರ್ಷ ನಡೆದುಬಂತು. ಎರಡರಷ್ಟು ತೂಕ ತೂಗುಹಾಕಿದರೆ ಮೇಲಿನ ಸ್ಥಾಯಿ, ಅಂದರೆ ಮೇಲಿನ ‘ಸ’, ಬರುವುದಿಲ್ಲ, ನಾಲ್ಕರಷ್ಟು ಬೇಕು ಎಂದು 16ನೇ ಶತಮಾನದ ಕೊನೆಯಲ್ಲಿ ಬರೆದವನು ವಿನ್ಸೆಂಜೊ ಗೆಲಿಲಿ, ಲ್ಯೂಟ್ ಎಂಬ ತಂತಿವಾದ್ಯದ ವಾದಕ, ವಿಜ್ಞಾನಿ ಗೆಲಿಲಿಯೊನ ತಂದೆ.

ನಂತರ ತೂಕವನ್ನು ಹಾಗೇ ಬಿಟ್ಟು ನಡುವೆ ಮೂರನೆಯ ಕುದುರೆಯನ್ನು ಸರಿಸಿ. ಕಂಪಿಸುವ ಉದ್ದ 60ಕ್ಕೆ ‘ಸ’. 48ಕ್ಕೆ ‘ಗ’, 45ಕ್ಕೆ ‘ಮ’, 40ಕ್ಕೆ ‘ಪ’, 36ಕ್ಕೆ ‘ಧ’, 30ಕ್ಕೆ ಮೇಲಿನ ‘ಸ’. ‘ರಿ’ 53.3, ‘ನಿ’ 32. 60 ಸೆಂ.ಮೀ. ಆರಿಸಿದ್ದೇ ಈ ಅಂಕಿಗಳು ಬಹುತೇಕ ಪೂರ್ಣಸಂಖ್ಯೆಗಳಾಗಿ ಬರಲಿ ಎಂದು. ನಡುವಿನ ಕುದುರೆ ಉಳಿದವಕ್ಕಿಂತ ಒಂದೆರಡು ಮಿ.ಮೀ. ಮಾತ್ರ ಎತ್ತರ ಇರಬೇಕು. ಹೆಚ್ಚಾದರೆ ತಂತಿಯನ್ನು ಎತ್ತಿ ಬಿಗಿಗೊಳಿಸುತ್ತದೆ, ಎಲ್ಲ ಸ್ವರಗಳೂ ಏರಿ ಕೂರುತ್ತವೆ. ಫೋನಿನ ಟ್ಯೂನರ್ ಹಿಡಿದು ಪರೀಕ್ಷಿಸಿದರೆ ‘ಗ’ ಮತ್ತು ‘ಧ’ ಸ್ವಲ್ಪ ಇಳಿದಂತೆ ತೋರುತ್ತದೆ, ಅರ್ಧಸ್ವರದ (ಪಿಯಾನೊದ ಅಕ್ಕಪಕ್ಕದ ಎರಡು ಮನೆಗಳ ಅಂತರ) ಏಳನೇ ಒಂದು ಭಾಗದಷ್ಟು. ಅದು ಮಗುವಿನ ತಪ್ಪಲ್ಲ. ಟ್ಯೂನರ್ ಪಿಯಾನೊದ ಸಮಪಾಲು ಹಂಚಿಕೆಯನ್ನು ಅಳೆಯುತ್ತದೆ, ತಂತಿ ಶುದ್ಧ ಭಿನ್ನರಾಶಿಯನ್ನು ನುಡಿಯುತ್ತದೆ. ಯಾವುದು ಹಿತ ಎಂದು ಅವಳನ್ನೇ ಕೇಳಿ. ತಂಬೂರಿಗೆ ಹೊಂದಿಸಿ ಹಾಡಿದ ಕಿವಿಗೆ ತಂತಿಯದ್ದೇ ಸರಿ ಎನಿಸಬಹುದು.

ಈಗ ಪೈಪು. ಒಂದು ತುದಿ ಮುಚ್ಚಿದ ಕೊಳವೆಗಳ ಸಾಲು. ಪ್ರತಿ ಸ್ವರಕ್ಕೆ ಒಂದು ಪೈಪ್, ಬಾಟಲಿಯ ಬಾಯಿಗೆ ಊದಿದ ಹಾಗೆ ಊದುವುದು. ಬೆರಳಿನ ರಂಧ್ರಗಳ ಗೋಜಿಲ್ಲ. ಎಂಟು ಸ್ವರ ಬೇಡ, ‘ಮ’ ಮತ್ತು ‘ನಿ’ ಬಿಟ್ಟು ಮೋಹನ ರಾಗದ ಸ್ವರಗಳಷ್ಟೇ ಸಾಕು. ಅವುಗಳಲ್ಲಿ ಯಾವುದರ ಪಕ್ಕ ಯಾವುದು ಬಂದರೂ ಕಿವಿಗೆ ಕಟುವಾಗದು, ಮೊದಲ ದಿನವೇ ಮಗು ತನ್ನದೇ ರಾಗ ಕಟ್ಟುತ್ತದೆ. ಎರಡು ಪೈಪಿನ ಕೆಲಸವೂ ಉಳಿಯಿತು.

ಒಳವ್ಯಾಸ ಸುಮಾರು 16 ಮಿ.ಮೀ. ಇರುವ ಪೈಪಿಗೆ, ಬಾಯಿಯಿಂದ ಬಿರಡೆಯವರೆಗಿನ ಒಳ ಉದ್ದ ಹೀಗಿರಲಿ: ಸ 32.6, ರಿ 29.0, ಗ 25.7, ಪ 21.6, ಧ 19.2, ಮೇಲಿನ ಸ 16.0 ಸೆಂ.ಮೀ. ಇದರ ಹಿಂದಿನ ಲೆಕ್ಕವನ್ನೂ ಅವಳಿಗೆ ತೋರಿಸಿ. ಹೋಗಿ ಮುಟ್ಟಿ ಮರಳುವ ಅಲೆಗೆ ಮುಚ್ಚಿದ ಕೊಳವೆಯ ನಾಲ್ಕರಷ್ಟು ಉದ್ದ. 25 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 346 ಮೀಟರ್ ಓಡುತ್ತದೆ. ಅದನ್ನು ಇಲ್ಲಿ ‘ಸ’ ಎಂದು ಹಿಡಿದ 261.6 ಹರ್ಟ್ಸ್‌ನ (ಸೆಕೆಂಡಿಗೆ ಅಷ್ಟು ಕಂಪನ) ನಾಲ್ಕರಷ್ಟರಿಂದ ಭಾಗಿಸಿದರೆ 33.1 ಸೆಂ.ಮೀ.; ಅಲೆ ತೆರೆದ ಬಾಯಿಯಿಂದ ತುಸು ಆಚೆಗೂ ಚಾಚುವುದರಿಂದ ವ್ಯಾಸದ ಹತ್ತರಲ್ಲಿ ಮೂರು ಭಾಗ, ಇಲ್ಲಿ ಅರ್ಧ ಸೆಂ.ಮೀ., ಕಳೆಯಬೇಕು. ಅದೇ 32.6.

ಈ ಅಳತೆಗೇ ಕತ್ತರಿಸಿದರೆ ಮಾತ್ರ ಕೆಟ್ಟಿರಿ. ಊದುವ ತುಟಿ ಪೈಪಿನ ಬಾಯನ್ನು ಅರೆ ಮುಚ್ಚುವುದರಿಂದ ಸ್ವರ ಲೆಕ್ಕಕ್ಕಿಂತ ಕೆಳಗೆ ಬರುತ್ತದೆ, ಎಷ್ಟು ಕೆಳಗೆ ಎಂಬುದು ಊದುವವರ ಮೇಲೆ ಹೋಗುತ್ತದೆ. ಆದ್ದರಿಂದ ಪ್ರತಿ ಪೈಪನ್ನೂ ಮೇಲಿನ ಅಳತೆಗಿಂತ ಎರಡೂವರೆ ಸೆಂ.ಮೀ. ಹೆಚ್ಚು ಉದ್ದವಾಗಿಯೇ ಕತ್ತರಿಸಿ, ಒಂದೂವರೆ ಸೆಂ.ಮೀ. ದಪ್ಪದ ಮರದ ಬಿರಡೆಗೆ ನಲ್ಲಿ ಕೆಲಸದ ಬಿಳಿ ಟೇಪ್ ಸುತ್ತಿ ಬಿಗಿಯಾಗಿ ಕೂರಿಸಿ. ಪೆನ್ಸಿಲಿನಿಂದ ಬಿರಡೆಯನ್ನು ಒಳಕ್ಕೆ ತಳ್ಳಿದರೆ ಸ್ವರ ಏರುತ್ತದೆ, ಹೊರಕ್ಕೆ ಎಳೆದರೆ ಇಳಿಯುತ್ತದೆ. ಕತ್ತರಿಸಿದ ಪೈಪು ಮತ್ತೆ ಉದ್ದವಾಗುವುದಿಲ್ಲವಲ್ಲ. ಶ್ರುತಿ ಮಾಡುವುದು ಪೂರ್ತಿ ಮಗಳ ಕೆಲಸ. ನೀವು ಕೈ ಹಾಕಬೇಡಿ. ಚಿಕ್ಕ ಪೈಪಿನಲ್ಲಿ ಹೆಚ್ಚು ಜಾಗ್ರತೆ ಬೇಕು: 5 ಮಿ.ಮೀ. ವ್ಯತ್ಯಾಸ ಉದ್ದದ ಪೈಪಿನಲ್ಲಿ ಅರ್ಧಸ್ವರದ ಕಾಲು ಭಾಗ, 16 ಸೆಂ.ಮೀ. ಪೈಪಿನಲ್ಲಿ ಅರ್ಧಭಾಗ.

ಹ್ಯಾಕ್ಸಾದಿಂದ ಕತ್ತರಿಸುವುದು ದೊಡ್ಡವರು, ಅಂಚು ನೇರವಾಗಿರಲಿ. ಉಪ್ಪುಕಾಗದದಿಂದ ಸಿಬಿರು ತೆಗೆಯುವುದು ಅವಳು. ಒದ್ದೆ ಮಾಡಿಕೊಂಡು ಉಜ್ಜಿದರೆ ಪ್ಲಾಸ್ಟಿಕ್ ಧೂಳು ಮೂಗಿಗೆ ಹೋಗುವುದಿಲ್ಲ. ಇಷ್ಟಾಗಿಯೂ ನುಡಿಯದಿದ್ದರೆ ಮೊದಲು ಬಿರಡೆ ಪರೀಕ್ಷಿಸಿ: ಪೈಪಿಗೆ ನೀರು ತುಂಬಿ ಹಿಡಿದಾಗ ಒಂದು ಹನಿ ಸೋರಿದರೂ ನಾದ ಹುಟ್ಟುವುದಿಲ್ಲ. ಸೋರದಿದ್ದರೆ ತೊಂದರೆ ತುಟಿಯದ್ದು. ಕೆಳತುಟಿಯನ್ನು ಹತ್ತಿರದ ಅಂಚಿಗೆ ತಾಗಿಸಿ, ಗಾಳಿ ಎದುರಿನ ಅಂಚಿಗೆ ಬಡಿಯುವಂತೆ ಮೆಲ್ಲಗೆ ಊದಬೇಕು. ಜೋರಾಗಿ ಊದಿದಷ್ಟೂ ನಾದ ದೂರ.

ಮಳೆ ಬಂದು ಮನೆಯಲ್ಲೇ ಕೂರಬೇಕಾದ ದಿನಕ್ಕೆ ಒಂದು ಒಗಟು. ಒಂದೇ ಥರದ ಎರಡು ಗಾಜಿನ ಬಾಟಲಿ, ಒಂದರಲ್ಲಿ ಹೆಚ್ಚು ನೀರು, ಇನ್ನೊಂದರಲ್ಲಿ ಕಡಿಮೆ. ಚಮಚದಿಂದ ತಟ್ಟಿದರೆ ಯಾವುದರ ಸ್ವರ ಮೇಲೆ? ಬಾಯಿಗೆ ಊದಿದರೆ ಯಾವುದರದ್ದು ಮೇಲೆ? ಎರಡಕ್ಕೂ ಒಂದೇ ಉತ್ತರ ಎಂದುಕೊಳ್ಳುತ್ತಾರೆ, ಆದರೆ ತದ್ವಿರುದ್ಧ. ತಟ್ಟಿದಾಗ ಕಂಪಿಸುವುದು ಗಾಜು. ನೀರು ಅದಕ್ಕೆ ಭಾರವಾಗಿ ಸ್ವರ ಇಳಿಸುತ್ತದೆ. ಊದಿದಾಗ ಕಂಪಿಸುವುದು ಒಳಗಿನ ಗಾಳಿ. ನೀರು ಹೆಚ್ಚಿದಷ್ಟೂ ಗಾಳಿಯ ಜಾಗ ಕಡಿಮೆ, ಸ್ವರ ಮೇಲೆ. ಇದನ್ನು ವಿವರಿಸುವ ಅವಸರ ಬೇಡ. ಮೊದಲು ಅವಳೇ ತಲೆ ಕೆರೆದುಕೊಳ್ಳಲಿ.

ಚರ್ಮವಾದ್ಯದ ಕಡೆ ಒಲವಿದ್ದರೆ, ಡಬ್ಬದ ಬಾಯಿಗೆ ಬಲೂನ್ ಬಿಗಿದು ನಡುವೆ ಕಡಲೆಕಾಳಿನಷ್ಟು ಜೇಡಿಮಣ್ಣು ಅಂಟಿಸಿ ತಟ್ಟಲು ಹೇಳಿ, ಸ್ವರ ಇಳಿಯುತ್ತದೆ. ಬರಿಯ ಪೊರೆಯ ಉಪಸ್ವರಗಳು (ಮುಖ್ಯ ಸ್ವರದ ಜೊತೆಗೇ ಹುಟ್ಟುವ ಮೇಲಿನ ಸ್ವರಗಳು) ಒಂದಕ್ಕೊಂದು ಹೊಂದುವುದಿಲ್ಲ, ಅದಕ್ಕೇ ಡಬ್ಬ ತಟ್ಟಿದರೆ ‘ಧಡ್’ ಎನ್ನುತ್ತದೆ. ಮೃದಂಗದ ಕರಣೆ, ತಬಲಾದ ಕಪ್ಪು ವೃತ್ತ ಆ ಉಪಸ್ವರಗಳನ್ನು ಹೊಂದಿಕೆಗೆ ತರುತ್ತವೆ ಎಂಬುದನ್ನು ಸಿ.ವಿ. ರಾಮನ್ 1920ರಲ್ಲೇ ತೋರಿಸಿದ್ದರು.

ಲೋಹದ ಕೊಳವೆಗಳ ಜಲತರಂಗದಂಥ ವಾದ್ಯ ಮಾಡುವುದಾದರೆ ಎರಡು ವಿಷಯ ಗೊತ್ತಿರಲಿ. ಇಲ್ಲಿ ಉದ್ದ ಅರ್ಧವಾದರೆ ಮೇಲಿನ ಸ್ಥಾಯಿ ಅಲ್ಲ, ಎರಡು ಸ್ಥಾಯಿ ಮೇಲಕ್ಕೆ ಹಾರುತ್ತದೆ. ‘ಸ’ 30 ಸೆಂ.ಮೀ. ಆದರೆ ರಿ 28.3, ಗ 26.8, ಪ 24.5, ಧ 23.2, ಮೇಲಿನ ಸ 21.2. ಮತ್ತೆ, ಕೊಳವೆಯನ್ನು ಎಲ್ಲಿ ಆನಿಸುತ್ತೀರಿ ಎಂಬುದೇ ಎಲ್ಲ. ಎರಡೂ ತುದಿಯಿಂದ ಉದ್ದದ ನೂರಕ್ಕೆ 22.4 ಭಾಗದಲ್ಲಿ, ಅಂದರೆ 30ಕ್ಕೆ 6.7 ಸೆಂ.ಮೀ. ಒಳಗೆ, ಕೊಳವೆ ಅಲುಗದ ಬಿಂದುಗಳಿವೆ. ಅಲ್ಲಿ ಸ್ಪಾಂಜ್ ಪಟ್ಟಿ ಇಟ್ಟರೆ ನಾದ ಉಳಿಯುತ್ತದೆ, ತುದಿಯಲ್ಲಿಟ್ಟರೆ ‘ಟಕ್’ ಎಂದು ಸಾಯುತ್ತದೆ. ಕೊಳವೆಯ ಮೇಲೆ ಉಪ್ಪು ಉದುರಿಸಿ ತಟ್ಟುತ್ತಿದ್ದರೆ ಕಾಳುಗಳು ಆ ಬಿಂದುಗಳತ್ತ ಸರಿಯುತ್ತವೆ. ಅದಕ್ಕೆ ಚಪ್ಪಟೆ ಪಟ್ಟಿ ಇನ್ನೂ ಒಳ್ಳೆಯದು. ತುದಿಯನ್ನು ಅರದಿಂದ ಉಜ್ಜಿದರೆ ಸ್ವರ ಏರುತ್ತದೆ.

ಇಷ್ಟೂ ಆದ ಮೇಲೆ ವಿದ್ಯುತ್ತು. ಬಿಚ್ಚಿಟ್ಟ ಕೀಬೋರ್ಡಿನ ಸ್ಪೀಕರ್ ಸಾಮಾನ್ಯವಾಗಿ 8 ಓಮ್‌ನದ್ದು, ಜೋಪಾನ ಮಾಡಿ. ಅದನ್ನೇ ಬಳಸಿ ಪೆನ್ಸಿಲ್ ಗೆರೆಯಿಂದ ಹಾಡಿಸುವ ಸರ್ಕ್ಯೂಟ್ ಕಟ್ಟಬಹುದು. ಬೇಕಾದದ್ದು: ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ಬಿಡಿಭಾಗಗಳನ್ನು ಚುಚ್ಚಿ ಜೋಡಿಸುವ ಹಲಗೆ), 555 ಟೈಮರ್ ಚಿಪ್, 1 ಕಿಲೋಓಮ್ ಮತ್ತು 100 ಓಮ್ ರೆಸಿಸ್ಟರ್, 0.01 ಮತ್ತು 10 ಮೈಕ್ರೋಫ್ಯಾರಡ್ ಕೆಪಾಸಿಟರ್, 9 ವೋಲ್ಟ್ ಬ್ಯಾಟರಿ, ಎರಡು ಕ್ರೊಕೊಡೈಲ್ ಕ್ಲಿಪ್. ಚಿಪ್ಪಿನ 8 ಮತ್ತು 4ನೇ ಕಾಲು ಪ್ಲಸ್‌ಗೆ, 1 ಮೈನಸ್‌ಗೆ. 8 ಮತ್ತು 7ರ ನಡುವೆ 1 ಕಿಲೋಓಮ್. 2 ಮತ್ತು 6ನ್ನು ಜೋಡಿಸಿ, 2ರಿಂದ ಮೈನಸ್‌ಗೆ ಚಿಕ್ಕ ಕೆಪಾಸಿಟರ್. 3ನೇ ಕಾಲಿನಿಂದ 100 ಓಮ್, ಅಲ್ಲಿಂದ 10 ಮೈಕ್ರೋಫ್ಯಾರಡ್‌ನ ಪ್ಲಸ್ ಕಾಲು, ಅದರ ಇನ್ನೊಂದು ಕಾಲು ಸ್ಪೀಕರಿಗೆ, ಸ್ಪೀಕರಿನ ಆಚೆ ತುದಿ ಮೈನಸ್‌ಗೆ. 7 ಮತ್ತು 6ರಿಂದ ಒಂದೊಂದು ಕ್ಲಿಪ್. ಕಾಗದದ ಮೇಲೆ 6ಬಿ ಪೆನ್ಸಿಲಿನಿಂದ ಅರ್ಧ ಸೆಂ.ಮೀ. ಅಗಲ, 10 ಸೆಂ.ಮೀ. ಉದ್ದದ ಗೆರೆಯನ್ನು ಹೊಳೆಯುವಷ್ಟು ತಿದ್ದಿ, ಒಂದು ಕ್ಲಿಪ್ಪನ್ನು ತುದಿಗೆ ಕಚ್ಚಿಸಿ, ಇನ್ನೊಂದನ್ನು ಗೆರೆಯ ಮೇಲೆ ಸರಿಸಿದರೆ ಸ್ವರ ಜಾರುತ್ತ ಹೋಗುತ್ತದೆ.

ಕ್ಲಿಪ್‌ಗಳ ನಡುವೆ 100 ಕಿಲೋಓಮ್ ಇದ್ದರೆ ಸುಮಾರು 716 ಹರ್ಟ್ಸ್, 200 ಆದರೆ 359. ಎರಡರಷ್ಟು ಗೆರೆಗೆ ಒಂದು ಸ್ಥಾಯಿ ಕೆಳಗೆ. ಒಂಟಿ ತಂತಿಯಲ್ಲಿ ಕಂಡ ಉದ್ದದ ನಿಯಮವೇ ಇಲ್ಲಿಯೂ. ಎಚ್‌ಬಿ ಪೆನ್ಸಿಲಿನಲ್ಲಿ ಜೇಡಿಮಣ್ಣಿನ ಪಾಲು ಹೆಚ್ಚು, ಗ್ರಾಫೈಟ್ ಕಡಿಮೆ, ಹಾಗಾಗಿ ಪ್ರತಿರೋಧ ಮಿತಿಮೀರಿ ಬರೀ ‘ಟಿಕ್ ಟಿಕ್’ ಕೇಳುತ್ತದೆ. ಎರಡು ಕ್ಲಿಪ್ ಒಂದಕ್ಕೊಂದು ತಾಗಿದರೆ ಪೂರ್ತಿ ಮೌನ: ಸರ್ಕ್ಯೂಟ್ ಸತ್ತಿಲ್ಲ, ಕಿವಿಗೆ ಎಟುಕದಷ್ಟು ಮೇಲೆ ಹೋಗಿದೆ. ಚಿಪ್ ಬಿಸಿಯಾದರೆ ತಿರುಗುಮುರುಗಾಗಿ ಕೂರಿಸಿರಬಹುದು, ತಕ್ಷಣ ಬ್ಯಾಟರಿ ಕೀಳಿ. ಕಚ್ಚು ಇರುವ ತಲೆಯನ್ನು ಮೇಲಿಟ್ಟು ನೋಡಿದರೆ 1ನೇ ಕಾಲು ಎಡಗಡೆ ಮೇಲೆ ಇರಬೇಕು.

ಬಿಚ್ಚುವ ಅಭ್ಯಾಸಕ್ಕೆ ಒಂದೇ ಗಟ್ಟಿ ಗೆರೆ ಎಳೆಯಿರಿ: ಬ್ಯಾಟರಿಯಿಂದ ನಡೆಯುವುದನ್ನು ಬಿಚ್ಚಬಹುದು, ಗೋಡೆಯ ಪ್ಲಗ್ಗಿಗೆ ಚುಚ್ಚುವುದನ್ನು ಕೂಡದು. ಪ್ಲಗ್ ಕಿತ್ತಿದ್ದರೂ ಕೂಡದು, ಒಳಗಿನ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರಬಹುದು.

ಮೈಕ್ರೋಬಿಟ್, ಆರ್ಡುಯಿನೊದಂಥ ಪ್ರೋಗ್ರಾಂ ಮಾಡುವ ಬೋರ್ಡುಗಳು ಇದರ ನಂತರದ ಮೆಟ್ಟಿಲು. ಅಲ್ಲಿ ಮಕ್ಕಳ ಉತ್ಸಾಹ ಕೆಡಿಸುವ ತೊಡಕುಗಳು ಕೆಲವೇ. ಬಜರ್‌ನಲ್ಲಿ ಎರಡು ಜಾತಿ: ಆ್ಯಕ್ಟಿವ್ ಬಜರಿಗೆ ತನ್ನದೇ ಒಂದು ಸ್ವರ, ಏನು ಬರೆದರೂ ಅದನ್ನೇ ಕಿರುಚುತ್ತದೆ, ಬೇಕಾದದ್ದು ಪ್ಯಾಸಿವ್. ಆರ್ಡುಯಿನೊದ ಕಾಲಿಗೆ 8 ಓಮ್ ಸ್ಪೀಕರನ್ನು ನೇರ ಜೋಡಿಸಿದರೆ ಬೋರ್ಡೇ ಹಾಳಾಗಬಹುದು, ನಡುವೆ 220 ಓಮ್ ಇರಲಿ. ಅದರ ಮಾಮೂಲಿ ಸ್ವರದ ಆಜ್ಞೆ ಒಂದು ಸಲಕ್ಕೆ ಒಂದೇ ಸ್ವರ ನುಡಿಸುತ್ತದೆ. ‘ಒತ್ತಿದರೂ ಕೇಳಲ್ಲ’ ಎಂದು ಮಗು ದೂರಿದರೆ ಪ್ರೋಗ್ರಾಂ ‘ಕಾಯಿ’ ಎಂಬ ಆಜ್ಞೆಯಲ್ಲಿ ನಿಂತಿರುತ್ತದೆ, ಆಗ ಅದು ಗುಂಡಿಯನ್ನು ನೋಡುವುದೇ ಇಲ್ಲ.

ಕಿಟ್ ಬೇಡ ಎಂದೇನಿಲ್ಲ, ಪೆಟ್ಟಿಗೆಯ ಮೇಲಿನ ಚಿತ್ರ ನೋಡಿ. ಜೋಡಿಸಿದ ಮೇಲೆ ಒಂದೇ ವಸ್ತುವಾಗುವ ಕಿಟ್ಟಿನ ಆಯುಷ್ಯ ಒಂದು ಮಧ್ಯಾಹ್ನ. ಸೂಚನೆ ಪಾಲಿಸುವ ಕೌಶಲ ಬರುತ್ತದೆ, ಊಹಿಸುವ ಅವಕಾಶವಿಲ್ಲ. ಬಿಡಿ ಮೋಟಾರು, ಬಜರು, ಸೆನ್ಸರುಗಳಿದ್ದು ಬೇಕಾದಂತೆ ಜೋಡಿಸುವಂಥದ್ದಾದರೆ ತನ್ನಿ, ಆದರೆ ತಂತಿ, ಪೈಪು ಆದ ಮೇಲೆ. ಟ್ಯಾಬ್ಲೆಟ್‌ನಲ್ಲಿ ಸಂಗೀತ ಕಟ್ಟುವ ಆ್ಯಪ್‌ಗಳು ರಚನೆಗೆ ಒಳ್ಳೆಯವು, ಆದರೆ ಅಲ್ಲಿ ಯಾವ ಸ್ವರವೂ ಅಪಸ್ವರವಾಗುವುದಿಲ್ಲ, ಸರಿಪಡಿಸಲು ಏನೂ ಉಳಿದಿರುವುದಿಲ್ಲ. ನನ್ನ ಮಟ್ಟಿಗೆ ಅದು ಕೊನೆಯ ಆಯ್ಕೆ.

ಪಾಠದ ವಿಚಾರದಲ್ಲಿ ಅತ್ತೆಯವರ ಮಾತಿನಲ್ಲೂ ಹುರುಳಿದೆ. ಸಾಧನೆಯ ಹೊತ್ತನ್ನು ಕಿತ್ತು ಈ ಕೆಲಸಕ್ಕೆ ಕೊಡಬೇಡಿ. ಕಿವಿ ಸಾಣೆಗೊಳ್ಳುವುದು ಅಲ್ಲಿ, ಈ ಎಲ್ಲ ಕೆಲಸವೂ ನಿಂತಿರುವುದು ಆ ಕಿವಿಯ ಮೇಲೆ. ವಾರಕ್ಕೊಂದು ಬಿಡುವಿನ ಹೊತ್ತು ಸಾಕು. ಬದಲಿಗೆ ಪಾಠಕ್ಕೇ ಬೇಕಾದ ವಸ್ತುವನ್ನು ಅವಳಿಂದ ಮಾಡಿಸಿ, ಉದಾಹರಣೆಗೆ ತಾಳ ತೋರಿಸುವ ದೀಪ. 60,000ವನ್ನು ನಿಮಿಷದ ಎಣಿಕೆಯಿಂದ ಭಾಗಿಸಿದರೆ ಎರಡು ಎಣಿಕೆಗಳ ನಡುವಿನ ಮಿಲಿಸೆಕೆಂಡು ಸಿಗುತ್ತದೆ: ನಿಮಿಷಕ್ಕೆ 80 ಎಂದರೆ 750. ಆದಿತಾಳಕ್ಕೆ ಎಂಟು ಎಣಿಕೆ, 1, 5 ಮತ್ತು 7ನೆಯದಕ್ಕೆ ಬೇರೆ ಬಣ್ಣ. ಸದ್ದೂ ಬೇಕೆಂದರೆ ವೈರ್ ಇರುವ ಸ್ಪೀಕರನ್ನೇ ಬಳಸಿ; ಬ್ಲೂಟೂತ್ ಸ್ಪೀಕರ್ ಕ್ಷಣಕಾಲ ತಡವಾಗಿ ನುಡಿದು ತಾಳವನ್ನು ದೀಪದಿಂದ ಹಿಂದೆ ಬೀಳಿಸುತ್ತದೆ. ವೇಗ ಹೆಚ್ಚಿಸುವ ಗುಂಡಿ ಎಲ್ಲಿರಬೇಕು, ಒಂದು ಸಲ ಒತ್ತಿದರೆ ಎಷ್ಟು ಹೆಚ್ಚಬೇಕು ಎಂಬುದನ್ನು ಅವಳು ಮೇಷ್ಟ್ರನ್ನೇ ಕೇಳಿ ತೀರ್ಮಾನಿಸಲಿ.

ಇನ್ನು ಎಚ್ಚರಿಕೆ. ಹೆಡ್‌ಫೋನ್‌ನಲ್ಲಿ ಸರ್ಕ್ಯೂಟ್ ಪರೀಕ್ಷಿಸಬಾರದು, ತಪ್ಪು ಜೋಡಣೆಯಲ್ಲಿ ಸದ್ದು ಒಮ್ಮೆಲೇ ಸಿಡಿಯಬಹುದು. ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 75 ಡೆಸಿಬೆಲ್. ಸದ್ದು 3 ಡೆಸಿಬೆಲ್ ಏರಿದಾಗಲೆಲ್ಲ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. ಬೆಸುಗೆ ಹಾಕುವ ಐರನ್ನಿನ ತುದಿ ಸುಮಾರು 350 ಡಿಗ್ರಿ ಇರುತ್ತದೆ. ಸದ್ಯ ಅದು ದೊಡ್ಡವರ ಕೈಯಲ್ಲಿರಲಿ, ಬ್ರೆಡ್‌ಬೋರ್ಡಿಗೆ ಅದರ ಅಗತ್ಯವೇ ಇಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳು ಓಡಾಡುತ್ತಿದ್ದರೆ ಬಟನ್ ಸೆಲ್‌ಗಳನ್ನು ಈ ಕೆಲಸದ ಹತ್ತಿರ ತರಲೇಬೇಡಿ. ನುಂಗಿದ ಸೆಲ್ ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡಬಲ್ಲದು. ನುಂಗಿದ ಅನುಮಾನ ಬಂದರೂ ಕಾಯದೆ ನೇರ ಆಸ್ಪತ್ರೆಗೆ ಹೋಗಬೇಕು. ಮುಚ್ಚಳಕ್ಕೆ ಸ್ಕ್ರೂ ಇರುವ ಎಎ ಸೆಲ್ ಡಬ್ಬಿಗಳು ಸಿಗುತ್ತವೆ, ಬೋರ್ಡುಗಳಿಗೆ ಅವೇ ಸಾಕು.